ಹತ್ತು ಬಿಲ್ಲೆಯ ಹಲಗೆ

ಧನಲಕ್ಷ್ಮಿಗೆ ಸೀಟು ತಪ್ಪಿದ್ದು ನನ್ನಿಂದ. ಸರ್ಕಾರದಿಂದಲ್ಲ, ಆಸ್ಪತ್ರೆಯಿಂದಲ್ಲ, ಅವಳ ಹಣೆಬರಹದಿಂದಲೂ ಅಲ್ಲ. ಕೇಳಿದವರೆಲ್ಲ ಈ ಮೂರರಲ್ಲಿ ಒಂದನ್ನು ಬೈದು ನನಗೆ ಸಮಾಧಾನ ಹೇಳಲು ಬರುತ್ತಾರೆ. ಅದು ಬೇಡ ಅಂತಲೇ ಮೊದಲು ಹೇಳಿದ್ದು.

ನಾನು ಶಿಕಾರಿಪುರದ ಒಂದು ಕೇಂದ್ರದಲ್ಲಿ ಮನಃಶಾಸ್ತ್ರಜ್ಞರ ಸಹಾಯಕಿ. ಬುದ್ಧಿ ಬೆಳೆಯದ ಮಕ್ಕಳನ್ನು ಪರೀಕ್ಷೆ ಮಾಡಿ ಬರೆಯುವುದು ಶಿವಮೊಗ್ಗದಿಂದ ತಿಂಗಳಿಗೆ ಎರಡು ಸಲ ಬರುವ ಮೇಡಂ ಕೆಲಸ. ಮೇಜು ಒರೆಸುವುದು, ಪರೀಕ್ಷೆಯ ಪೆಟ್ಟಿಗೆ ತೆಗೆದಿಡುವುದು, ಅಳುವ ಮಗುವನ್ನು ಎತ್ತಿಕೊಳ್ಳುವುದು, ಉಚ್ಚೆ ಹೊಯ್ದರೆ ಬಳಿಯುವುದು ನನ್ನ ಕೆಲಸ. ಉಳಿದ ದಿನ ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಶಾಲೆಗೆ ಬರಲಾಗದ ಮಕ್ಕಳ ಮನೆಗೆ ಹೋಗಿ ಕಲಿಸುತ್ತೇನೆ. ಏನು ಕಲಿಸುತ್ತೀರಿ ಅಂತ ಕೇಳುತ್ತಾರೆ. ಚಡ್ಡಿ ಹಾಕಿಕೊಳ್ಳುವುದು, ಬಾಯಿ ಒರೆಸಿಕೊಳ್ಳುವುದು, ಕಕ್ಕಸಿಗೆ ಹೋಗಬೇಕು ಅಂತ ಕೈ ತೋರಿಸುವುದು. ಒಂದೊಂದಕ್ಕೆ ಆರು ತಿಂಗಳು ಹಿಡಿಯುತ್ತದೆ. ಹದಿನಾಲ್ಕು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಧನಲಕ್ಷ್ಮಿಯ ಊರು ಕುಬಟೂರಿನಿಂದ ಆಚೆ. ಊರಿನ ಹೆಸರು ಹೇಳುವುದಿಲ್ಲ, ಆ ತಾಯಿಗೆ ಇರುವ ಕಷ್ಟವೇ ಸಾಕು. ಮೂರು ವರ್ಷದ ಹಿಂದೆ ಮೊದಲ ಸಲ ಹೋದಾಗ ಹುಡುಗಿಗೆ ಎಂಟು ವರ್ಷ. ಪಡಸಾಲೆಯ ಕಂಬಕ್ಕೆ ಹಳೇ ಸೀರೆಯ ಹಗ್ಗದಿಂದ ಸೊಂಟ ಕಟ್ಟಿ ಕೂರಿಸಿದ್ದರು. ಪಕ್ಕದಲ್ಲಿ ಒಂದು ತಟ್ಟೆ ಅನ್ನ, ಒಂದು ಚೊಂಬು ನೀರು. ನಾನು ಬಾಗಿಲಲ್ಲೇ ನಿಂತು ಬೈಯಲು ಶುರು ಮಾಡಿದೆ. ತಾಯಿ ಲೋಕಮ್ಮ ಶುಂಠಿ ಗದ್ದೆಯಿಂದ ಮಣ್ಣು ಕೈಯಲ್ಲೇ ಓಡಿ ಬಂದಳು.

"ಎಮ್ಮೆ ಕಟ್ಟಿದಂಗೆ ಕಟ್ಟೀಯಲ್ಲೇ! ನಿಂಗೆ ಕರುಳು ಅನ್ನೋದು ಐತೋ ಇಲ್ವೋ?"

ಲೋಕಮ್ಮ ನಾನು ಬೈದು ಮುಗಿಸುವವರೆಗೂ ಕಾದು, ಸೆರಗಿಗೆ ಕೈ ಒರೆಸಿಕೊಂಡು ಹೇಳಿದಳು. "ಎರಡು ಸಲ ಕೆರೆಗೆ ಇಳ್ದಾಳೆ ಅಕ್ಕೋರೆ. ಎರಡನೇ ಸಲ ಕುತ್ತಿಗೆ ಮಟ ನೀರಿತ್ತು. ದನ ಕಾಯೋರು ಕಂಡು ಎಳಕಂಬಂದ್ರು. ಇವ್ರಪ್ಪ ಭತ್ತ ಕೊಯ್ಯೋ ಮಿಷನ್ ಜೊತೆ ಊರೂರು ತಿರುಗ್ತಾರೆ. ನಾನು ಕೂಲಿಗೆ ಹೋಗ್ಲಿಲ್ಲ ಅಂದ್ರೆ ಒಲೆ ಹತ್ತಲ್ಲ. ನೀವೇ ಹೇಳ್ರಿ, ಕಟ್ಲೋ, ಬಿಡ್ಲೋ?"

ನನ್ನ ಸಿಟ್ಟನ್ನು ಊರಿನ ಶಾಲೆಯ ಹೆಡ್‌ಮಾಸ್ತರ ಮಲ್ಲೇಶಪ್ಪನವರ ಮೇಲೆ ತೀರಿಸಿಕೊಂಡೆ. ಅವರ ಹಾಜರಿ ಪುಸ್ತಕದಲ್ಲಿ ಧನಲಕ್ಷ್ಮಿ ಜೂನ್‌ನಿಂದ ಒಂದು ದಿನವೂ ತಪ್ಪಿಸಿರಲಿಲ್ಲ.

"ಹುಡುಗಿ ಕಂಬದ ಹತ್ರ ಐತೆ, ಹಾಜರಿ ನಿಮ್ಮ ಹತ್ರ ಐತೆ. ನಾಚಿಕೆ ಆಗಲ್ವೇನ್ರೀ?"

"ಆಗತ್ತೆ ಯಮುನಮ್ಮೋರೆ. ಒಂದ್ಸಲ ಕರಕಂಬಂದು ಕೂರಿಸ್ಕಂಡೆ. ಬಿಸಿಯೂಟದ ಸಾರಿನ ಪಾತ್ರೆಗೆ ಕೈ ಹಾಕಿದ್ಲು. ಇರೋದು ಇಬ್ರು ಮೇಷ್ಟ್ರು, ಐದು ಕ್ಲಾಸು. ಅವಳ ಹಿಂದೆ ಓಡ್ಲೋ, ಮಗ್ಗಿ ಹೇಳಿಸ್ಲೋ? ಹೆಸರು ತೆಗೆದ್ರೆ ನೀವೇ ಬಂದು ಯಾಕೆ ತೆಗೆದ್ರಿ ಅಂತೀರಿ."

ಅದೂ ಸರಿಯೇ. ಬೈಯುವುದಕ್ಕೆ ಎಲ್ಲರೂ ಸಿಗುತ್ತಾರೆ, ತಪ್ಪು ಮಾತ್ರ ಯಾರದೂ ಅಲ್ಲ.

ಕಲಿಸಲು ಶುರು ಮಾಡಿದೆ. ವಾರಕ್ಕೆ ಒಂದು ದಿನ, ಬುಧವಾರ. ಮೊದಲು ಕಲಿಸಿದ್ದು ಕೈ ಎತ್ತುವುದನ್ನು. ಫ್ರಾಕು ಹಾಕುವಾಗ ಅವಳು ಮೈಯೆಲ್ಲ ಮುದುರಿಕೊಂಡು ಕಿರುಚುತ್ತಿದ್ದಳು. "ಕೈ ಮೇಲೆ" ಅಂತ ನಾನು ಎತ್ತಿ ತೋರಿಸುವುದು, ಅವಳು ಎತ್ತಿದರೆ ಚಪ್ಪಾಳೆ ಹೊಡೆಯುವುದು. ಐದು ತಿಂಗಳಾಯಿತು. ಆಮೇಲೆ ಬಟ್ಟೆ ಕಂಡರೆ ಸಾಕು, ಹೇಳುವ ಮೊದಲೇ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದಳು. ಕೈ ಎತ್ತಿ ನನ್ನ ಮುಖ ನೋಡಿ "ಚಪ್ಪ" ಅನ್ನುತ್ತಿದ್ದಳು. ಚಪ್ಪಾಳೆ ಹೊಡೆ ಅಂತ. ಅವಳ ಬಾಯಲ್ಲಿ ಇದ್ದದ್ದು ನಾಲ್ಕೈದು ಮಾತು, ಅದರಲ್ಲಿ ಅದೊಂದು. ಆಮೇಲೆ ಅನ್ನ ಕಲಸಿ ತಾನೇ ತಿನ್ನುವುದನ್ನು ಕಲಿತಳು. ಉಚ್ಚೆ ಬಂದರೆ ಲಂಗ ಜಗ್ಗುವುದನ್ನು ಕಲಿತಳು. ಒಂದೊಂದಕ್ಕೂ ಚಪ್ಪ.

ಮುಂದೆ ಏನು ಕಲಿಸಬೇಕು ಅಂತ ನನಗೆ ತೋಚಲಿಲ್ಲ. ನಮ್ಮ ಕೈಯಲ್ಲಿ ಆಟದ ಸಾಮಾನೂ ಇಲ್ಲ, ಪುಸ್ತಕವೂ ಇಲ್ಲ. ಕೇಂದ್ರದಲ್ಲಿ ಇರುವುದು ಒಂದೇ ಒಳ್ಳೆಯ ವಸ್ತು, ಮೇಡಂ ಪರೀಕ್ಷೆಯ ಪೆಟ್ಟಿಗೆ. ಅದರಲ್ಲಿ ಒಂದು ಮರದ ಹಲಗೆ ಇದೆ. ಹಲಗೆಯಲ್ಲಿ ಬೇರೆ ಬೇರೆ ಆಕಾರದ ಹತ್ತು ಗುಂಡಿ: ಗುಂಡು, ಚೌಕ, ನಕ್ಷತ್ರ, ತ್ರಿಕೋನ ಹೀಗೆ. ಪ್ರತಿಯೊಂದಕ್ಕೂ ಕೂರುವ ಬಿಲ್ಲೆ ಬೇರೆ. ಮಗು ಎಷ್ಟು ಸೆಕೆಂಡಿನಲ್ಲಿ ಎಲ್ಲ ಬಿಲ್ಲೆಗಳನ್ನು ಜಾಗಕ್ಕೆ ಕೂರಿಸುತ್ತದೆ ಅಂತ ಗಡಿಯಾರ ಹಿಡಿದು ನೋಡುತ್ತಾರೆ. ಮೊದಲ ಸಲ ಪರೀಕ್ಷೆ ಮಾಡಿದಾಗ ಧನಲಕ್ಷ್ಮಿ ಒಂದು ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡಿದ್ದಳು, ಉಳಿದದ್ದನ್ನು ಎಸೆದಿದ್ದಳು. ನೂರಕ್ಕೆ ಎಪ್ಪತ್ತೈದು ನ್ಯೂನತೆ ಅಂತ ಎರಡು ವರ್ಷದ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿದ್ದರು.

ಆ ಪೆಟ್ಟಿಗೆಯನ್ನು ಹೊರಗೆ ಒಯ್ಯುವಂತಿಲ್ಲ, ಯಾರಿಗೂ ತೋರಿಸುವಂತಿಲ್ಲ. ಕೆಲಸಕ್ಕೆ ಸೇರಿದ ದಿನವೇ ಹಾಗಂತ ಸಹಿ ಹಾಕಿದ್ದೇನೆ. ಒಂದು ದಿನ ಮೇಡಂ ಊಟಕ್ಕೆ ಹೋದಾಗ ಹಲಗೆಯನ್ನು ಪೇಪರಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡೆ. ತೊಗರ್ಸಿಯಲ್ಲಿ ನಮ್ಮ ಮನೆ ಹತ್ತಿರದ ಬಡಗಿ ಈಶ್ವರಾಚಾರಿ ಹಳೇ ಬಾಗಿಲ ಹಲಗೆಯಲ್ಲಿ ಹಾಗೇ ಕೊರೆದು ಕೊಟ್ಟ. ಮೂಲದ್ದಕ್ಕಿಂತ ಚೆನ್ನಾಗಿಯೇ ಇತ್ತು.

ಆ ಹಲಗೆ ಧನಲಕ್ಷ್ಮಿಗೆ ಹುಚ್ಚು ಹಿಡಿಸಿತು. ಮೊದಲ ಗುಂಡು ಬಿಲ್ಲೆ ಜಾಗಕ್ಕೆ ಕೂತು ಟಕ್ ಅಂದ ದಿನ ಅವಳು ನಕ್ಕ ನಗುವನ್ನು ಲೋಕಮ್ಮ ಅಡುಗೆಮನೆಯಿಂದ ಬಂದು ನೋಡಿದಳು. ಒಂದು ವರ್ಷದಲ್ಲಿ ಹತ್ತೂ ಬಂತು. ಹಗ್ಗ ಸೊಂಟದಲ್ಲಿ ಇರುವಾಗಲೇ ಹಲಗೆ ಮುಂದಿಟ್ಟುಕೊಂಡು ದಿನವಿಡೀ ಹಾಕುವುದು, ಸುರಿಯುವುದು, ಮತ್ತೆ ಹಾಕುವುದು. ಆಚೀಚೆ ಮನೆಯವರು ಬಂದು ನೋಡಿ ಹೋಗುತ್ತಿದ್ದರು. ಎದುರು ಮನೆಯ ಮಹಾದೇವಮ್ಮ ಅನ್ನುವ ಮುದುಕಿ, "ಈ ಹುಡುಗಿ ಬ್ಯಾಂಕಿನ ಕೆಲಸಕ್ಕೆ ಹೋದೀತು ಕಣೇ ಲೋಕಿ" ಅಂದು ನಗಿಸಿದ್ದಳು.

ಈ ವರ್ಷ ಏಪ್ರಿಲ್‌ನಲ್ಲಿ ಸೀಟಿನ ವಿಷಯ ಬಂತು. ಜಿಲ್ಲೆಯ ಒಂದು ವಿಶೇಷ ವಸತಿ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಎರಡು ಜಾಗ ಖಾಲಿ. ಸುತ್ತ ಗೋಡೆ, ಹಗಲೂ ರಾತ್ರಿ ನೋಡಿಕೊಳ್ಳುವ ಆಯಾಗಳು, ಕಟ್ಟಿ ಹಾಕುವ ಮಾತೇ ಇಲ್ಲ. ನಾನೇ ಹೋಗಿ ನೋಡಿ ಬಂದೆ. ಅಲ್ಲಿಯ ಮುಖ್ಯಸ್ಥೆ ನಿರ್ಮಲಮ್ಮ ಹೇಳಿದರು, "ತಾತ್ಕಾಲಿಕ ಪತ್ರದ ಅವಧಿ ಮುಗಿದಿದೆ. ಹೊಸದಾಗಿ ಪರೀಕ್ಷೆ ಮಾಡಿಸಿ ತನ್ನಿ. ಎಪ್ಪತ್ತೈದು ಇರಬೇಕು. ಅದಕ್ಕೆ ಕಡಿಮೆ ಇದ್ದವರು ಊರಿನ ಶಾಲೆಗೇ ಹೋಗಬೇಕು, ನಮಗೆ ತಗೊಳ್ಳೋಕೆ ಬರಲ್ಲ."

ಲೋಕಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ. "ಅಲ್ಲಿ ಹಗ್ಗ ಇಲ್ಲ ಅಲ್ರೀ?"

"ಇಲ್ಲ."

"ಪರೀಕ್ಷೆಲಿ ಇವ್ಳು ಚೆನ್ನಾಗಿ ಮಾಡ್ಬೇಕು ಅಲ್ರೀ?"

ಇಲ್ಲಿ ನಾನು ಬಾಯಿ ಬಿಡಬೇಕಿತ್ತು. ಚೆನ್ನಾಗಿ ಮಾಡಬಾರದು, ಇದು ಅಂಥ ಪರೀಕ್ಷೆಯಲ್ಲ, ಹಲಗೆಯನ್ನು ಎರಡು ತಿಂಗಳು ಅಟ್ಟಕ್ಕೆ ಹಾಕು ಅನ್ನಬೇಕಿತ್ತು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದವಳಿಗೆ ಗೊತ್ತಿರಲಿಲ್ಲ ಅಂದರೆ ಸುಳ್ಳು. ಗೊತ್ತಿತ್ತು. ಆದರೆ ಮೇಡಂ ನೋಡಲಿ ಅಂತಲೂ ಇತ್ತು. ಬಿಲ್ಲೆ ಬಾಯಿಗೆ ಹಾಕಿಕೊಂಡಿದ್ದ ಹುಡುಗಿ ಹತ್ತನ್ನೂ ಕೂರಿಸುವುದನ್ನು ನೋಡಿ, "ಯಾರು ಕಲಿಸಿದ್ದು ಯಮುನಮ್ಮ?" ಅಂತ ಒಂದು ಸಲ ಕೇಳಲಿ ಅಂತ. ಹಳ್ಳಿ ಶಾಲೆಯಲ್ಲಿ ಓದಿ ಅವರಿವರ ಮೇಜು ಒರೆಸುವವಳನ್ನು ಒಂದು ಸಲ ಕೇಳಲಿ. ಹೇಗೂ ಮಾತು ಬಾರದ ಹುಡುಗಿ, ಬೇರೆ ಎಲ್ಲದರಲ್ಲೂ ಸೋಲುತ್ತಾಳೆ, ಎಪ್ಪತ್ತೈದು ಎಲ್ಲಿ ಹೋಗುತ್ತದೆ ಅಂತ ನನಗೆ ನಾನೇ ಲೆಕ್ಕ ಹೇಳಿಕೊಂಡೆ.

"ಹೂಂ, ಚೆನ್ನಾಗಿ ಮಾಡ್ಲಿ" ಅಂದೆ.

ಪರೀಕ್ಷೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆನವಟ್ಟಿ, ಶಿರಾಳಕೊಪ್ಪ ದಾಟಿ ತಾಯಿ ಮಗಳು ಬಂದರು. ಹುಡುಗಿಗೆ ಹೊಸ ಲಂಗ, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಕನಕಾಂಬರ, ಕಣ್ಣಿಗೆ ಕಾಡಿಗೆ, ಕೈತುಂಬ ಬಳೆ. ಹೆಣ್ಣು ನೋಡಲು ಬರುವವರ ಮುಂದೆ ಕೂರಿಸುವ ಹಾಗೆ ಅಲಂಕಾರ.

ಬಿಂದುಶ್ರೀ ಮೇಡಂಗೆ ಇಪ್ಪತ್ತೊಂಬತ್ತು ವರ್ಷ. ಮೃದು ಮಾತು, ಯಾರ ಮೇಲೂ ರೇಗುವುದಿಲ್ಲ. ಹಿಂದಿನ ಸಲ ಪರೀಕ್ಷೆ ಮಾಡಿದವರು ಬೇರೆ, ಇವರು ಹಳೇ ವರದಿ ಓದಿದ್ದರು ಅಷ್ಟೇ, ಧನಲಕ್ಷ್ಮಿಯನ್ನು ನೋಡಿದ್ದು ಅದೇ ಮೊದಲು. ಮೊದಲು ತಾಯಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಮಗು ದಿನನಿತ್ಯ ಏನೇನು ಮಾಡುತ್ತದೆ ಅನ್ನುವುದಕ್ಕೂ ಅಂಕ ಇದೆ.

"ತಾನೇ ಊಟ ಮಾಡ್ತಾಳಾ?"

"ಹೂಂ ರೀ, ಚೆಲ್ಲದೇ ಮಾಡ್ತಾಳೆ."

"ಬಟ್ಟೆ?"

"ತಾನೇ ಹಾಕ್ಕೊತಾಳ್ರೀ. ನಾನು ಮುಟ್ಟೋ ಹಂಗಿಲ್ಲ."

"ಮನೆ ಕೆಲಸದಲ್ಲಿ ಏನಾದ್ರೂ ಸಹಾಯ?"

"ಕಸ ಗುಡಿಸ್ತಾಳೆ. ಪಾತ್ರೆ ತೊಳೀತಾಳೆ. ಅಂಗಡಿಗೆ ಹೋಗಿ ಬೆಲ್ಲ, ಚಾಪುಡಿ ಎಲ್ಲ ತರ್ತಾಳ್ರೀ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ಕಣ್ಣಲ್ಲೇ ಬೇಡ ಅಂದೆ. ಲೋಕಮ್ಮ ನನ್ನನ್ನು ನೋಡಿದಳು, ಇನ್ನೂ ಹೇಳು ಅಂತ ಹುರಿದುಂಬಿಸುತ್ತಿದ್ದೇನೆ ಅಂದುಕೊಂಡಳು.

"ರಂಗೋಲಿನೂ ಹಾಕ್ತಾಳೆ" ಅಂದಳು.

ಮಗಳ ಬಗ್ಗೆ ಹೊರಗಿನವರು ಕೇಳಿದರೆ ನಮ್ಮ ಕಡೆ ತಾಯಂದಿರು ಹೀಗೇ ಹೇಳುವುದು. ಬರುವುದಿಲ್ಲ ಅಂತ ಯಾವ ತಾಯಿಯೂ ಹೇಳುವುದಿಲ್ಲ. ಮೇಡಂ ಒಂದೊಂದನ್ನೂ ಬರೆದುಕೊಂಡರು. ಆಮೇಲೆ ಪೆಟ್ಟಿಗೆ ತೆಗೆದು, ಹಲಗೆಯನ್ನು ಮೇಜಿನ ಮೇಲಿಟ್ಟು, ಬಿಲ್ಲೆಗಳನ್ನು ಪಕ್ಕಕ್ಕೆ ಜೋಡಿಸಿ ಗಡಿಯಾರ ಒತ್ತಿದರು.

ಹಳೇ ಗೆಳತಿ ಸಿಕ್ಕ ಹಾಗೆ ಧನಲಕ್ಷ್ಮಿ ಹಲಗೆಯ ಮೇಲೆ ಬಗ್ಗಿದಳು. ಬಳೆ ಸದ್ದು, ಬಿಲ್ಲೆ ಸದ್ದು. ಟಕ್, ಟಕ್, ಟಕ್. ಮೂರು ಸಲ ಮಾಡಿಸಿದರು. ಒಂದು ಸಲಕ್ಕಿಂತ ಒಂದು ಸಲ ಚುರುಕು. ಮೂರನೆಯದು ಮುಗಿದಾಗ ಅವಳು ಮೇಡಂ ಕಡೆ ನೋಡಲಿಲ್ಲ. ತಿರುಗಿ ನನ್ನನ್ನು ನೋಡಿ "ಚಪ್ಪ" ಅಂದಳು.

ನಾನು ಚಪ್ಪಾಳೆ ಹೊಡೆದೆ. ಇನ್ನೇನು ಮಾಡಲಿ?

ಮೇಡಂ ನನ್ನನ್ನು ಏನೂ ಕೇಳಲಿಲ್ಲ. ಸಂಜೆ ಎಲ್ಲ ಕೂಡಿ ಕಳೆದು, ಪ್ರಮಾಣಪತ್ರ ಕೊಡುವ ಆಸ್ಪತ್ರೆಗೆ ಕಳಿಸುವ ವರದಿಯಲ್ಲಿ ಐವತ್ತು ಅಂತ ಬರೆದರು. "ತುಂಬಾ ಸುಧಾರಿಸಿದ್ದಾಳೆ. ಊರಿನ ಶಾಲೆಯಲ್ಲೇ ಇರಬಹುದು. ನೋಡಿ ಖುಷಿಯಾಯ್ತು."

"ಖುಷಿ ಯಾಕ್ರೀ ಆಗ್ಬೇಕು?" ಅಂದೆ. ಹೇಳಿಬಿಟ್ಟೆ. ಪೇಪರ್, ಪೆನ್ಸಿಲ್, ಈಶ್ವರಾಚಾರಿ, ಹಳೇ ಬಾಗಿಲು, ಎಲ್ಲ. ಲೋಕಮ್ಮ ಹೇಳಿದ ಅಂಗಡಿ, ರಂಗೋಲಿ ಎಲ್ಲ ಸುಳ್ಳು, ಹುಡುಗಿ ಎರಡು ಸಲ ಕೆರೆಗೆ ಇಳಿದದ್ದು ನಿಜ ಅಂತಲೂ ಹೇಳಿದೆ.

ಮೇಡಂ ಮುಖ ಬಿಳಿಚಿಕೊಂಡಿತು. "ಅದನ್ನ ತೋರಿಸಬಾರದು ಅಂತ ನೀವು ಸಹಿ ಹಾಕಿದೀರಲ್ಲ ಯಮುನಮ್ಮ."

"ಹಾಕೀನಿ. ಕೆಲ್ಸದಿಂದ ತೆಗೀರಿ ಬೇಕಾದ್ರೆ. ಆ ಐವತ್ತನ್ನ ಹೊಡೆದು ಹಾಕ್ರಿ."

"ನಾನು ನೋಡಿದ್ದನ್ನ ಬಿಟ್ಟು ಬೇರೆ ಹೇಗೆ ಬರೀಲಿ? ನೀವು ಹೇಳಿದ್ರಿ ಅಂತ ಬದಲಾಯಿಸಿದ್ರೆ ನಾಳೆ ಎಲ್ಲರೂ ಹಾಗೇ ಹೇಳ್ತಾರೆ. ಅಷ್ಟಕ್ಕೂ, ಅಷ್ಟು ಕಲಿತಿದ್ದಾಳೆ ಅಂದ್ರೆ ಕಲಿಯೋ ಶಕ್ತಿ ಇದೆ ಅಂತ ತಾನೇ?"

"ಹಲಗೆ ಕಲ್ತಾಳೆ ಮೇಡಂ. ಕೆರೆ ಕಲ್ತಿಲ್ಲ."

ಅವರು ಪೆನ್ನು ತೆಗೆದುಕೊಂಡರು. ಹಲಗೆಯ ವಿಷಯ ವರದಿಯಲ್ಲಿ ಒಂದು ಸಾಲು ಸೇರಿಸಿದರು, ಅಂಕ ಬದಲಿಸಲಿಲ್ಲ. ಇದೇ ಪರೀಕ್ಷೆಯನ್ನು ಮತ್ತೆ ಮಾಡಬೇಕಾದರೆ ಒಂದು ವರ್ಷ ಬಿಡಬೇಕಂತೆ. ಆಸ್ಪತ್ರೆಯವರು ಆ ಸಾಲನ್ನು ಓದಿದರೋ ಇಲ್ಲವೋ ಗೊತ್ತಿಲ್ಲ. ಮೇಡಂ ಕೆಟ್ಟವರಲ್ಲ. ನನ್ನ ಮೇಲೆ ದೂರು ಕೂಡ ಬರೆಯಲಿಲ್ಲ. ಬರೆದಿದ್ದರೆ ನನಗೆ ಒಂದಷ್ಟು ಹಗುರವಾಗುತ್ತಿತ್ತು.

ಹೊರಗೆ ಬಂದರೆ ಲೋಕಮ್ಮ ಬೆಂಚಿನ ಮೇಲೆ ಕೂತಿದ್ದಳು. ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಕಾಲು ಕೆ.ಜಿ. ಮೈಸೂರುಪಾಕು ತಂದಿದ್ದಳು. ಆಯಾಗೆ, ಕಾವಲುಗಾರನಿಗೆ, ಸರದಿಯಲ್ಲಿ ಕೂತಿದ್ದ ಬೇರೆ ತಾಯಂದಿರಿಗೆ ಆಗಲೇ ಹಂಚಿಯಾಗಿತ್ತು.

"ಪಾಸಾದ್ಲು ಅಲ್ರೀ ಅಕ್ಕೋರೆ? ನಂಗೆ ಅಲ್ಲೇ ಗೊತ್ತಾಯ್ತು. ಹತ್ತೂ ಹಾಕಿದ್ಲು! ಬಾಯಿ ತೆಗೀರಿ" ಅಂದು ತುಂಡೊಂದನ್ನು ನನ್ನ ಬಾಯಿಗಿಟ್ಟಳು.

ತಿಂದೆ. ವಯಸ್ಸಿನಲ್ಲಿ ಐವತ್ತಕ್ಕೆ ಹತ್ತಿರವಾಗಿದ್ದೇನೆ, ಎಂಥೆಂಥ ಅಧಿಕಾರಿಗಳ ಮುಖಕ್ಕೆ ಹೊಡೆದಂತೆ ಮಾತಾಡಿದ್ದೇನೆ. ಅವತ್ತು ಆ ಹೆಂಗಸಿನ ಮುಂದೆ ನನ್ನ ಬಾಯಲ್ಲಿ ಮೈಸೂರುಪಾಕು ಇತ್ತು, ಮಾತು ಇರಲಿಲ್ಲ. ಅವಳು ಊರಿಗೆ ಹೋಗಿ ಇಡೀ ಕೇರಿಗೆ ಸಕ್ಕರೆ ಹಂಚಿದಳು. ಮಗಳಿಗೆ ಒಂದು ಟ್ರಂಕು ತರಿಸಿದಳು.

ಹದಿನೈದು ದಿನದ ಮೇಲೆ ಪ್ರಮಾಣಪತ್ರ ಬಂತು. ಬುಧವಾರ ತೆಗೆದುಕೊಂಡು ಹೋದೆ. ಟ್ರಂಕಿನಲ್ಲಿ ಎರಡು ಲಂಗ, ಒಂದು ಟವೆಲು, ಒಂದು ಸೋಪು ಆಗಲೇ ಮಡಿಸಿಟ್ಟಿತ್ತು. ನಿಂತುಕೊಂಡೇ ಹೇಳಿದೆ. ಚೆನ್ನಾಗಿ ಮಾಡಿದ್ದಕ್ಕೇ ಸೀಟು ಇಲ್ಲ. ನೀನು ಹೇಳಿದ್ದು, ನಾನು ಕಲಿಸಿದ್ದು, ಎರಡೂ ಸೇರಿ ಹೀಗಾಯಿತು. ಹೆಚ್ಚು ನನ್ನಿಂದ. ಮತ್ತೆ ಪರೀಕ್ಷೆ ಇನ್ನು ಮುಂದಿನ ವರ್ಷ.

ಲೋಕಮ್ಮನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ಅಂದ್ರೆ, ಏನೂ ಬರಲ್ಲ ಅಂದಿದ್ರೆ ತಗೊಳ್ತಿದ್ರಾ?"

"ತಗೊಳ್ತಿದ್ರು."

"ಏನೂ ಬರಲ್ಲ ಅಂತ ನಾನು ದಿನಾ ಅಳ್ತಿದ್ನಲ್ಲ ಅಕ್ಕೋರೆ. ಆಗ ಯಾರೂ ಕೇಳ್ಲಿಲ್ಲ."

ಅವಳು ಬೈಯಲಿಲ್ಲ. ನಾನು ಮೊದಲ ದಿನ ಅವಳನ್ನು ಬೈದ ಹಾಗೆ ಅವಳೂ ಬೈಯಬಹುದಿತ್ತು, ಹಕ್ಕಿತ್ತು. ಬದಲಿಗೆ ಮಗಳ ಕಡೆ ನೋಡಿ, ನಿಧಾನವಾಗಿ ಕೇಳಿದಳು.

"ಮುಂದಿನ ವರ್ಷ ಮತ್ತೆ ಪರೀಕ್ಷೆ ಐತೆ ಅಂದ್ರಲ್ಲ. ಅಷ್ಟ್ರಲ್ಲಿ ಮರೆಸ್ರಿ."

"ಏನನ್ನ?"

"ಕಲಿಸಿದ್ದನ್ನ. ನೀವೇ ಕಲಿಸಿದ್ದಲ್ವ, ನೀವೇ ಮರೆಸ್ರಿ."

ನಿರ್ಮಲಮ್ಮನವರಿಗೆ ಫೋನು ಮಾಡಿದೆ. ಹದಿಮೂರು ತುಂಬುವವರೆಗೂ ತೆಗೆದುಕೊಳ್ಳುತ್ತೇವೆ, ಜಾಗ ಇದ್ದರೆ ಅಂದರು. ಹೆಡ್‌ಮಾಸ್ತರ ಮಲ್ಲೇಶಪ್ಪನವರಿಗೆ ಪತ್ರ ತೋರಿಸಿದೆ, ಊರಿನ ಶಾಲೆಗೇ ಸೇರಿಸಿಕೊಳ್ಳಬೇಕು ಅಂತ ಅದರಲ್ಲಿ ಇತ್ತು. "ಬರ್ಲಿ ಬಿಡ್ರಿ" ಅಂದರು, "ಹೆಂಗೂ ಹಾಜರಿ ಐತೆ." ನಾನು ನಗಲಿಲ್ಲ, ಅವರೂ ನಗಲಿಲ್ಲ. ಮೂರು ದಿನ ಶಾಲೆಗೆ ಕಳಿಸಿದಳು ಲೋಕಮ್ಮ. ಮೂರನೆಯ ದಿನ ಮಧ್ಯಾಹ್ನ ಧನಲಕ್ಷ್ಮಿ ಕೆರೆ ಏರಿಯ ಮೇಲೆ ಸಿಕ್ಕಳು.

ಹಾಗಾಗಿ ಮರೆಸಲು ಕೂತೆ. ಯಾವ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿರಲಿಲ್ಲ. ಹಲಗೆಯನ್ನು ಅಡಗಿಸಿಟ್ಟರೆ ಅವಳು ಹಣೆಯನ್ನು ಕಂಬಕ್ಕೆ ಚಚ್ಚಿಕೊಳ್ಳುತ್ತಿದ್ದಳು. ಕೊಟ್ಟರೆ ಹತ್ತನ್ನೂ ಸರಿಯಾಗಿ ಹಾಕುತ್ತಿದ್ದಳು. ನಕ್ಷತ್ರವನ್ನು ಚೌಕದ ಗುಂಡಿಗೆ ಇಟ್ಟು ತೋರಿಸಿದೆ. ನನಗೆ ತಿಳಿಯದು ಅಂದುಕೊಂಡು, ನನ್ನ ಕೈ ಹಿಡಿದು ಸರಿಯಾದ ಗುಂಡಿಗೆ ಒಯ್ದಳು. ಒಯ್ದು ತಾನೇ ಚಪ್ಪಾಳೆ ಹೊಡೆದಳು, ನನಗಾಗಿ.

ಆಮೇಲೆ ನಾನು ಕಂಡುಕೊಂಡ ದಾರಿ ಇದು. ಚಪ್ಪಾಳೆ ನಿಲ್ಲಿಸಿದೆ. ಹತ್ತು ಹಾಕಿ ಮುಖ ನೋಡುತ್ತಾಳೆ, ನಾನು ಗೋಡೆ ನೋಡುತ್ತೇನೆ. "ಚಪ್ಪ" ಅನ್ನುತ್ತಾಳೆ, ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತೇನೆ. ಲೋಕಮ್ಮನಿಗೂ ಹಾಗೇ ಮಾಡಲು ಹೇಳಿದೆ. ಒಂದು ಬುಧವಾರ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು "ಚಪ್ಪ, ಚಪ್ಪ" ಅಂತ ಹತ್ತು ಸಲ ಹೇಳಿದಳು. ನಾನು ಕೈ ಕೊಡವಿ, "ಸಾಕು ಸುಮ್ನಿರೇ!" ಅಂತ ಜೋರಾಗಿ ಗದರಿಬಿಟ್ಟೆ. ಅವಳಿಗೆ ನಾನು ಗದರಿದ್ದು ಅದೇ ಮೊದಲು. ಎರಡೂ ಕೈಯನ್ನು ಹಿಂದಕ್ಕೆ ಎಳೆದುಕೊಂಡು ನನ್ನನ್ನು ನೋಡುತ್ತಾ ಕೂತಳು.

ಅದರ ಮುಂದಿನ ವಾರ ಬಿಲ್ಲೆ ಮುಟ್ಟಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಈಗ ಗುಂಡು ಬಿಲ್ಲೆಯೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿರುತ್ತಾಳೆ ಅಷ್ಟೇ, ಎಲ್ಲಿಗೂ ಹಾಕುವುದಿಲ್ಲ.

"ಮರೀತಾ ಐತೆ ಅಲ್ರೀ?" ಅಂದಳು ಲೋಕಮ್ಮ. ಅವಳ ದನಿಯಲ್ಲಿ ಎಷ್ಟೋ ದಿನದ ಮೇಲೆ ಆಸೆ ಇತ್ತು.

"ಮರೀತಿದಾಳೆ" ಅಂದೆ.

ಆದರೆ ಹಲಗೆಯೊಂದನ್ನೇ ಮರೆಸಲು ಬರುವುದಿಲ್ಲ. ಶ್ರಾವಣ ಕಳೆಯುವಷ್ಟರಲ್ಲಿ ಅನ್ನ ಕಲಸುವುದನ್ನು ಬಿಟ್ಟಳು, ತಟ್ಟೆ ಮುಂದಿದ್ದರೂ ಬಾಯಿ ತೆರೆದು ಕೂರುತ್ತಾಳೆ. ಲಂಗ ಜಗ್ಗುವುದನ್ನು ಬಿಟ್ಟಳು, ಕೂತಲ್ಲೇ ಆಗುತ್ತದೆ. ಇದ್ದ ನಾಲ್ಕೈದು ಮಾತಿನಲ್ಲಿ ಈಗ ಒಂದೂ ಕೇಳಿಸುವುದಿಲ್ಲ. ನಾನು ಹೋದರೆ ಸರಿದು ಕಂಬಕ್ಕೆ ಒತ್ತಿ ಕೂರುತ್ತಾಳೆ. ಮುಂದಿನ ಪರೀಕ್ಷೆಯಲ್ಲಿ ಎಪ್ಪತ್ತೈದಕ್ಕೆ ಮೋಸವಿಲ್ಲ, ತೊಂಬತ್ತೂ ಬಂದೀತು. ನಿರ್ಮಲಮ್ಮನವರ ಹತ್ತಿರ ಇದ್ದ ಎರಡು ಜಾಗ ಜುಲೈನಲ್ಲೇ ತುಂಬಿದವು. ಇನ್ನು ಯಾವಾಗ ಖಾಲಿಯಾಗುತ್ತದೆ ಅಂತ ಹೇಳಲು ಬರುವುದಿಲ್ಲ ಅಂದರು. ಇದನ್ನು ಲೋಕಮ್ಮನಿಗೆ ನಾನಿನ್ನೂ ಹೇಳಿಲ್ಲ.

ಹೋದ ಬುಧವಾರ ಹೇಳಲೇಬೇಕು ಅಂತ ಹೋದೆ. ಲೋಕಮ್ಮ ಕೂಲಿಗೆ ಹೊರಟು ನಿಂತಿದ್ದಳು. ಗದ್ದೆಯ ಹೆಂಗಸರು ಬೀದಿಯಿಂದ ಕೂಗುತ್ತಿದ್ದರು, "ಬಾರೇ ಲೋಕಿ, ಹೊತ್ತಾತು." ಅವಳು ಗಡಿಬಿಡಿಯಲ್ಲಿ ಗೂಟದಿಂದ ಸೀರೆಯ ಹಗ್ಗ ತೆಗೆದುಕೊಂಡು ಮಗಳ ಹತ್ತಿರ ಬಂದಳು.

ಧನಲಕ್ಷ್ಮಿ ಹಗ್ಗ ನೋಡಿದಳು. ಯಾರೂ ಏನೂ ಹೇಳಲಿಲ್ಲ. ಮುಷ್ಟಿಯಲ್ಲಿದ್ದ ಬಿಲ್ಲೆಯನ್ನು ಕೆಳಗಿಟ್ಟು ಎದ್ದು ನಿಂತು, ಸೊಂಟಕ್ಕೆ ಸುತ್ತಲು ಅನುಕೂಲವಾಗುವಂತೆ ಎರಡೂ ಕೈಯನ್ನು ಮೇಲೆತ್ತಿದಳು.

ಅದೊಂದನ್ನು ಅವಳು ಮರೆತಿರಲಿಲ್ಲ.